ಪೋರ್ಟ್ 25 ಮುಚ್ಚೋಕೆ ಬ್ರೆಜಿಲ್‌ಗೆ ಅಷ್ಟು ವರ್ಷ ಯಾಕೆ ಬೇಕಾಯ್ತು?

2009ರಲ್ಲಿ ಅತಿ ಹೆಚ್ಚು ಸ್ಪ್ಯಾಮ್ ಮೇಲ್ ಹೊರಟದ್ದು ಯಾವ ದೇಶದಿಂದ? ರಷ್ಯಾ ಇರಬಹುದು, ಚೀನಾ ಇರಬಹುದು ಅಂತ ಅನ್ನಿಸುತ್ತದೆ. ಸಿಸ್ಕೋ ಕಂಪನಿಯ ಆ ವರ್ಷದ ಭದ್ರತಾ ವರದಿ ಹೇಳಿದ್ದು ಬ್ರೆಜಿಲ್ ಹೆಸರನ್ನು. ವರ್ಷಕ್ಕೆ ಸುಮಾರು 7.7 ಲಕ್ಷ ಕೋಟಿ ಮೇಲ್. ಅಮೆರಿಕ 6.6 ಲಕ್ಷ ಕೋಟಿಯೊಂದಿಗೆ ಎರಡನೇ ಸ್ಥಾನಕ್ಕೆ ಇಳಿದಿತ್ತು. ಮೂರನೆಯವರು ನಾವೇ. ಭಾರತದ ಲೆಕ್ಕ 3.6 ಲಕ್ಷ ಕೋಟಿ.

ಸ್ಪ್ಯಾಮ್ ಕಳಿಸುವ ಐಪಿ ವಿಳಾಸಗಳನ್ನು ಹಿಡಿದು ದಾಖಲಿಸುವ ಸಿಬಿಎಲ್ ಅಂತ ಇನ್ನೊಂದು ಪಟ್ಟಿ ಇತ್ತು. ಜಗತ್ತಿನ ಮೇಲ್ ಸರ್ವರ್‌ಗಳು ಯಾರ ಮೇಲ್ ತಗೋಬೇಕು, ಯಾರದ್ದು ಬೇಡ ಅಂತ ತೀರ್ಮಾನಿಸೋಕೆ ಆ ಪಟ್ಟಿ ನೋಡುತ್ತಿದ್ದವು. 2009ರಲ್ಲಿ ಅದರಲ್ಲೂ ಬ್ರೆಜಿಲ್ ಮೊದಲ ಸ್ಥಾನದಲ್ಲಿತ್ತು. 2013ರ ಆರಂಭದಲ್ಲಿ ನೋಡಿದರೆ ಅದೇ ಪಟ್ಟಿಯ ಮೊದಲ ಹತ್ತರಲ್ಲಿ ಬ್ರೆಜಿಲ್ ಹೆಸರೇ ಇಲ್ಲ.

ನಡುವೆ ಆದದ್ದೇನು? ಮನೆ ಬ್ರಾಡ್‌ಬ್ಯಾಂಡ್ ಸಂಪರ್ಕಗಳಿಂದ ಹೊರಹೋಗುವ ಪೋರ್ಟ್ 25ನ್ನು ಆ ದೇಶದ ಕಂಪನಿಗಳು ಬಂದ್ ಮಾಡಿದವು. ಪೋರ್ಟ್ ಅಂದರೆ ಯಂತ್ರಗಳು ಬೇರೆ ಬೇರೆ ಕೆಲಸಕ್ಕೆ ಬಳಸುವ, ಸಂಖ್ಯೆ ಹಾಕಿದ ಬಾಗಿಲು; 25 ಮೇಲ್‌ನ ಬಾಗಿಲು. ತಾಂತ್ರಿಕವಾಗಿ ಅದನ್ನು ಮುಚ್ಚುವುದು ಏನೂ ಅಲ್ಲ. ರೂಟರ್ ಬಲ್ಲವರಿಗೆ ಒಂದು ಸಾಲು ಬರೆಯುವ ಕೆಲಸ. ಆ ಸಾಲನ್ನು ಬರೆಯುವ ಮುಂಚೆ ವರ್ಷಗಟ್ಟಲೆ ಸಭೆ, ಪತ್ರ, ಜಗಳ, ವಕೀಲರ ಅಭಿಪ್ರಾಯ ಎಲ್ಲ ನಡೆಯಿತು. ನನಗೆ ಈ ಪ್ರಕರಣದಲ್ಲಿ ಕುತೂಹಲ ಇರುವುದು ಆ ವರ್ಷಗಳ ಬಗ್ಗೆಯೇ. ಸ್ಪ್ಯಾಮ್ ತಡೆಯೋದು ಎಂಜಿನಿಯರ್‌ಗಳ ಕೆಲಸ ಅಂದುಕೊಂಡವರು ಈ ಕತೆ ಒಮ್ಮೆ ಓದಬೇಕು.

ಆ ಪೋರ್ಟ್‌ನಲ್ಲಿ ಅಂಥದ್ದೇನಿದೆ

ಇಮೇಲ್ ಸಾಗಿಸುವ ಎಸ್‌ಎಂಟಿಪಿ ಎಂಬ ನಿಯಮಾವಳಿಯನ್ನು ಜಾನ್ ಪೋಸ್ಟೆಲ್ 1982ರ ಆಗಸ್ಟ್‌ನಲ್ಲಿ ಬರೆದರು. ಅದು ಕೆಲಸ ಮಾಡುವುದು ಪೋರ್ಟ್ 25ರಲ್ಲಿ. ಎರಡು ಯಂತ್ರಗಳ ನಡುವಿನ ಮಾತು ಹೆಚ್ಚುಕಮ್ಮಿ ಹೀಗಿರುತ್ತದೆ:

ಹೆಲೋ, ನಾನು ಇಂಥ ಯಂತ್ರ.
250, ಸರಿ.
ಮೇಲ್ ಫ್ರಮ್: ಇಂಥವರು.
250, ಸರಿ.
ಆರ್‌ಸಿಪಿಟಿ ಟು: ಇಂಥವರಿಗೆ.
250, ಸರಿ.
ಡೇಟಾ.
354, ಶುರು ಮಾಡು.

ಆಮೇಲೆ ಪತ್ರದ ಒಕ್ಕಣೆ, ಕೊನೆಗೆ ಒಂದು ಸಾಲಿನಲ್ಲಿ ಬರೀ ಒಂದು ಚುಕ್ಕಿ. ಮತ್ತೆ 250. ಮುಗಿಯಿತು, ಪತ್ರ ತಲುಪಿತು. ಈ ಸಂಭಾಷಣೆಯಲ್ಲಿ ಎಲ್ಲಾದರೂ ಪಾಸ್‌ವರ್ಡ್ ಕೇಳಿದರಾ? ಇಲ್ಲ. 'ಮೇಲ್ ಫ್ರಮ್' ಮುಂದೆ ಯಾರ ಹೆಸರು ಬರೆದರೂ ನಡೆಯುತ್ತದೆ. 1982ರ ಇಂಟರ್‌ನೆಟ್‌ನಲ್ಲಿ ಇದ್ದದ್ದು ವಿಶ್ವವಿದ್ಯಾಲಯಗಳು, ಸಂಶೋಧನಾ ಕೇಂದ್ರಗಳು. ಒಬ್ಬರಿಗೊಬ್ಬರು ಗೊತ್ತಿದ್ದ ಜನ. ಆಗ ಯಾರೂ ಅನುಮಾನ ಪಡುವ ಕಾಲವಲ್ಲ.

ಇನ್ನೊಂದು ತೊಡಕು ಇದರೊಳಗೇ ಇತ್ತು. ನಾವು ಪತ್ರ ಬರೆದು ನಮ್ಮ ಬೀದಿಯ ಅಂಚೆ ಡಬ್ಬಿಗೆ ಹಾಕುವುದು ಒಂದು ಕೆಲಸ. ಒಂದು ಅಂಚೆ ಕಚೇರಿಯಿಂದ ಇನ್ನೊಂದಕ್ಕೆ ಚೀಲ ಹೋಗುವುದು ಬೇರೆ ಕೆಲಸ. ಇಮೇಲ್‌ನಲ್ಲಿ ಈ ಎರಡೂ ಕೆಲಸಕ್ಕೆ ಪೋರ್ಟ್ 25 ಒಂದೇ ಬಳಕೆಯಾಗುತ್ತಿತ್ತು. ಮನೆಯ ಕಂಪ್ಯೂಟರ್ ತನ್ನ ಮೇಲ್ ಕಂಪನಿಗೆ ಪತ್ರ ಕೊಡುವುದೂ ಅಲ್ಲೇ, ಆ ಮೇಲ್ ಕಂಪನಿ ಜಗತ್ತಿನ ಇನ್ನೊಂದು ಸರ್ವರ್‌ಗೆ ದಾಟಿಸುವುದೂ ಅಲ್ಲೇ.

ಇದನ್ನು ಬೇರೆ ಮಾಡುವ ದಾರಿ 1998ರ ಡಿಸೆಂಬರ್‌ನಲ್ಲೇ ಬಂತು. ಆರ್‌ಎಫ್‌ಸಿ 2476 ಎಂಬ ದಾಖಲೆ, ಗ್ರಾಹಕರು ಪತ್ರ ಒಪ್ಪಿಸೋಕೆ ಅಂತಲೇ ಪೋರ್ಟ್ 587 ಇಟ್ಟಿತು. ಮರುವರ್ಷ ಎಸ್‌ಎಂಟಿಪಿಯಲ್ಲಿ ಪಾಸ್‌ವರ್ಡ್ ಕೇಳುವ ಪದ್ಧತಿಯೂ ಬಂತು. ಅಂದರೆ ಮನೆಯವರು 587ರಲ್ಲಿ ಪಾಸ್‌ವರ್ಡ್ ಕೊಟ್ಟು ಪತ್ರ ಒಪ್ಪಿಸಲಿ, 25 ಸರ್ವರ್‌ಗಳ ನಡುವೆ ಮಾತ್ರ ಇರಲಿ. ಕಾಗದದ ಮೇಲೆ ಎಲ್ಲ ಸರಿಯಾಯಿತು. ಆದರೆ ಬಳಸಿದವರು ಕಮ್ಮಿ. ಔಟ್‌ಲುಕ್ ಎಕ್ಸ್‌ಪ್ರೆಸ್ ಎಂಬ ಮೇಲ್ ತಂತ್ರಾಂಶ ತೆರೆದರೆ ಮೊದಲೇ ತುಂಬಿಕೊಂಡಿರುತ್ತಿದ್ದ ಸಂಖ್ಯೆ 25. ನಡೆಯುತ್ತಿದ್ದದ್ದನ್ನು ಯಾರು ಸುಮ್ನೆ ಮುಟ್ಟುತ್ತಾರೆ?

ಅಷ್ಟರಲ್ಲಿ ಕಳ್ಳರು ಮುಂದೆ ಹೋದರು. 2003ರ ಆಗಸ್ಟ್‌ನಲ್ಲಿ ಹರಡಿದ ಸೋಬಿಗ್ ಎಂಬ ವರ್ಮ್ (ತಾನೇ ಹರಡುವ ವೈರಸ್) ತನ್ನೊಳಗೇ ಮೇಲ್ ಕಳಿಸುವ ಎಂಜಿನ್ ಇಟ್ಟುಕೊಂಡಿತ್ತು. ಸೋಂಕು ತಗಲಿದ ಮನೆ ಕಂಪ್ಯೂಟರ್‌ಗೆ ಯಾವ ಮೇಲ್ ಕಂಪನಿಯ ಹಂಗೂ ಬೇಕಿರಲಿಲ್ಲ. ನೇರವಾಗಿ ಜಗತ್ತಿನ ಯಾವುದೇ ಸರ್ವರ್‌ನ ಪೋರ್ಟ್ 25ಕ್ಕೆ ಹೋಗಿ ಪತ್ರ ಸುರಿಯುತ್ತಿತ್ತು. ಆಮೇಲೆ ಬಂದ ಬಾಟ್‌ನೆಟ್‌ಗಳೂ (ಕಳ್ಳರು ದೂರದಿಂದ ಆಡಿಸುವ ಸೋಂಕಿನ ಕಂಪ್ಯೂಟರ್‌ಗಳ ದಂಡು) ಇದೇ ದಾರಿ ಹಿಡಿದವು. ಮನೆ ಯಜಮಾನನಿಗೆ ಕಾಣುತ್ತಿದ್ದದ್ದು ಇಷ್ಟೇ: ಇವತ್ತು ಯಾಕೋ ನೆಟ್ ಸ್ಲೋ.

ಅಮೆರಿಕದ ಬ್ರಾಡ್‌ಬ್ಯಾಂಡ್ ಕಂಪನಿ ಕಾಮ್‌ಕಾಸ್ಟ್ 2004ರಲ್ಲಿ ತನ್ನ ಜಾಲದ ಲೆಕ್ಕ ಹೇಳಿದಾಗ ಈ ರೋಗದ ಗಾತ್ರ ಗೊತ್ತಾಯಿತು. ದಿನಕ್ಕೆ ಸುಮಾರು 80 ಕೋಟಿ ಮೇಲ್ ಆ ಜಾಲದಿಂದ ಹೊರಹೋಗುತ್ತಿತ್ತು. ಅದರಲ್ಲಿ ಕಂಪನಿಯ ಸ್ವಂತ ಮೇಲ್ ಸರ್ವರ್ ಮೂಲಕ ಹೋಗುತ್ತಿದ್ದದ್ದು 10 ಕೋಟಿ ಮಾತ್ರ. ಉಳಿದದ್ದರಲ್ಲಿ ಬಹುಪಾಲು ಗ್ರಾಹಕರ ಮನೆಯ ಸೋಂಕಿನ ಯಂತ್ರಗಳದ್ದು. ಆ ವರ್ಷವೇ ಅವರು ಜಾಸ್ತಿ ಸ್ಪ್ಯಾಮ್ ಉಗುಳುತ್ತಿದ್ದ ಗ್ರಾಹಕರ ಪೋರ್ಟ್ 25 ಮುಚ್ಚೋಕೆ ಶುರು ಮಾಡಿದರು. 2005ರಲ್ಲಿ ಮೇಲ್ ಉದ್ಯಮದ ಒಕ್ಕೂಟ ಮಾಗ್ ಇದನ್ನೇ ಎಲ್ಲರಿಗೂ ಶಿಫಾರಸು ಮಾಡಿತು. ಜಪಾನಿನ ಕಂಪನಿಗಳೂ ಅದೇ ವರ್ಷ ಹೊರಟವು.

ಹಾಗಾದರೆ ಬ್ರೆಜಿಲ್ ಯಾಕೆ 2012ರವರೆಗೆ ಕಾಯಿತು?

ತೈವಾನಿನ ಪತ್ರ, ಬ್ರೆಜಿಲಿನ ಠಸ್ಸೆ

ಮೊದಲು ಅಲ್ಲಿನ ವ್ಯವಸ್ಥೆಯ ಬಗ್ಗೆ ಎರಡು ಮಾತು. ಬ್ರೆಜಿಲ್‌ನಲ್ಲಿ ಇಂಟರ್‌ನೆಟ್ ವಿಷಯ ನೋಡಿಕೊಳ್ಳುವ ಒಂದು ಸಮಿತಿ ಇದೆ. 1995ರಲ್ಲಿ ಆದದ್ದು, ಚುಟುಕಾಗಿ ಸಿಜಿಐ. 21 ಜನ ಸದಸ್ಯರು. ಸರ್ಕಾರದವರು 9 ಜನ. ಉಳಿದವರು ಉದ್ಯಮ, ಸಂಘಸಂಸ್ಥೆ, ವಿಶ್ವವಿದ್ಯಾಲಯಗಳ ಕಡೆಯವರು. ಅದರ ಕೈಕೆಳಗೆ ಸರ್ಟ್.ಬಿಆರ್ ಎಂಬ ಭದ್ರತಾ ತಂಡ. ಸ್ಪ್ಯಾಮ್ ವಿಚಾರಕ್ಕೆ ಅಂತಲೇ ಸಿಜಿಐ ಒಂದು ಕಾರ್ಯತಂಡ ಮಾಡಿತು. ಅದರ ಮುಂದಾಳು ಹೆನ್ರಿಕೆ ಫಾಲ್ಹಾಬರ್.

ಇವರು ಮಾಡಿದ ಬುದ್ಧಿವಂತ ಕೆಲಸ ಅಂದರೆ, 'ಪೋರ್ಟ್ ಮುಚ್ಚಿ' ಅಂತ ಭಾಷಣ ಮಾಡುವ ಮುಂಚೆ ಅಳತೆ ಮಾಡಿದ್ದು. 2006ರ ಜೂನ್‌ನಲ್ಲಿ ಸ್ಪ್ಯಾಮ್‌ಪಾಟ್ಸ್ ಎಂಬ ಯೋಜನೆ ಶುರುವಾಯಿತು. ಐದು ಬ್ರಾಡ್‌ಬ್ಯಾಂಡ್ ಕಂಪನಿಗಳ ಕೇಬಲ್ ಮತ್ತು ಡಿಎಸ್‌ಎಲ್ ಲೈನ್‌ಗಳಲ್ಲಿ ಹತ್ತು ಕಂಪ್ಯೂಟರ್ ಇಟ್ಟರು. ಒಳಗೆ ಓಪನ್‌ಬಿಎಸ್‌ಡಿ ಮತ್ತು ಹನಿಡಿ ಎಂಬ ತಂತ್ರಾಂಶ. ಹೊರಗಿನಿಂದ ನೋಡಿದವರಿಗೆ ಅದು ಕಾವಲಿಲ್ಲದ, ಯಾರು ಬೇಕಾದರೂ ದುರ್ಬಳಕೆ ಮಾಡಬಹುದಾದ ಸಾಧಾರಣ ಮನೆ ಕಂಪ್ಯೂಟರ್ ಥರ ಕಾಣಬೇಕು. ಸ್ಪ್ಯಾಮ್ ಕಳಿಸುವವನು ಬಂದು ಅದರ ಮೂಲಕ ಮೇಲ್ ದಾಟಿಸೋಕೆ ನೋಡುತ್ತಾನೆ. ಯಂತ್ರ "250, ಸರಿ" ಅನ್ನುತ್ತಾ ಹೋಗುತ್ತದೆ. ಕಳಿಸಿದೆ ಅಂತ ನಟಿಸಿ, ಪತ್ರವನ್ನು ಎಲ್ಲಿಗೂ ಕಳಿಸದೆ ತನ್ನಲ್ಲೇ ಇಟ್ಟುಕೊಳ್ಳುತ್ತದೆ.

2007ರ ಸೆಪ್ಟೆಂಬರ್ ಹೊತ್ತಿಗೆ ಆ ಹತ್ತು ಯಂತ್ರಗಳಲ್ಲಿ ಸೇರಿದ ಮೇಲ್‌ಗಳ ಸಂಖ್ಯೆ ಸುಮಾರು 52 ಕೋಟಿ. ಅವು ಹೋಗಬೇಕಿದ್ದ ವಿಳಾಸಗಳು 480 ಕೋಟಿ. ಹತ್ತೇ ಹತ್ತು ಯಂತ್ರ, ಒಂದೂಕಾಲು ವರ್ಷ!

ಇನ್ನೂ ದೊಡ್ಡ ಸುದ್ದಿ ಮೂಲದ್ದು. ಈ ಮೇಲ್‌ಗಳನ್ನು ತುಂಬಿಸಿದವರಲ್ಲಿ ಬ್ರೆಜಿಲ್‌ನವರು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ನೂರಕ್ಕೆ 73ರಷ್ಟು ಮೇಲ್ ಬಂದದ್ದು ತೈವಾನ್ ಐಪಿಗಳಿಂದ. ನೂರಕ್ಕೆ ಸುಮಾರು 16 ಚೀನಾದಿಂದ. ಎಲ್ಲೋ ಕೂತವನೊಬ್ಬ ಅರ್ಧ ಭೂಮಿ ಸುತ್ತಿಸಿ ಬ್ರೆಜಿಲ್‌ನ ಮನೆಯೊಂದಕ್ಕೆ ಪತ್ರ ತುಂಬಿ, ಅಲ್ಲಿಂದ ಮತ್ತೆ ಹೊರದೇಶಕ್ಕೆ ಕಳಿಸುತ್ತಿದ್ದ. ಬ್ರೆಜಿಲ್‌ಗೆ ದಕ್ಕಿದ್ದು ಠಸ್ಸೆ ಮಾತ್ರ. ಅಂತರರಾಷ್ಟ್ರೀಯ ಲಿಂಕ್‌ನ ಬಾಡಿಗೆ ಬರುವಾಗಲೂ, ಹೋಗುವಾಗಲೂ ಅವರ ತಲೆ ಮೇಲೆ. ಅದರ ಮೇಲೆ ಅಲ್ಲಿನ ಐಪಿಗಳೆಲ್ಲ ಕಪ್ಪುಪಟ್ಟಿಗೆ ಸೇರಿ, ನಿಯತ್ತಿನ ವ್ಯಾಪಾರಿ ಬರೆದ ಪತ್ರವೂ ವಾಪಸ್ ಬರುತ್ತಿತ್ತು.

ಈ ಅಂಕಿಗಳು ವಾದವನ್ನು ತಿರುಗಿಸಿದವು ಅಂತ ನನ್ನ ಅಂದಾಜು. 'ಸ್ಪ್ಯಾಮ್ ಕಳಿಸುವವರನ್ನು ಹಿಡಿದು ಜೈಲಿಗೆ ಹಾಕುವ ಕಾನೂನು ತನ್ನಿ' ಅನ್ನುವವರು ಅಲ್ಲೂ ಇದ್ದರು. ಕಳಿಸುವವನು ನಿಮ್ಮ ದೇಶದಲ್ಲೇ ಇಲ್ಲದಿದ್ದರೆ ನಿಮ್ಮ ಪೊಲೀಸರು ಯಾರನ್ನು ಹಿಡಿಯಬೇಕು? ಉಳಿದದ್ದು ತಮ್ಮ ಕೈಯಲ್ಲಿದ್ದ ಒಂದೇ ಉಪಾಯ: ತಮ್ಮ ಜನರ ಯಂತ್ರಗಳು ಹೊರಗೆ ಉಗುಳದ ಹಾಗೆ ನೋಡಿಕೊಳ್ಳುವುದು.

ಗಂಟು ಇದ್ದದ್ದು ಇಲ್ಲಿ

ಕಾಮ್‌ಕಾಸ್ಟ್‌ಗೆ ಇದು ಸುಲಭ ಇತ್ತು. ಲೈನ್ ಅವರದ್ದೇ, ಗ್ರಾಹಕರಿಗೆ ಕೊಟ್ಟ ಮೇಲ್ ವಿಳಾಸವೂ ಅವರದ್ದೇ. ತಮ್ಮ ಗ್ರಾಹಕರಿಗೆ ತಾವೇ ಹೇಳಿ, ತಾವೇ ಮುಚ್ಚಿದರು.

ಬ್ರೆಜಿಲ್‌ನಲ್ಲಿ ಹಾಗಿರಲಿಲ್ಲ. 1995ರ ನಾರ್ಮಾ 4 ಎಂಬ ಸರ್ಕಾರಿ ನಿಯಮ, ಇಂಟರ್‌ನೆಟ್ ಸಂಪರ್ಕವನ್ನು ಟೆಲಿಫೋನ್ ಸೇವೆಯಿಂದ ಬೇರೆ ಮಾಡಿತ್ತು. ಅದರಿಂದ ಮನೆಗೆ ತಂತಿ ಎಳೆಯುವ ಫೋನ್ ಕಂಪನಿ ಒಂದು, ಇಂಟರ್‌ನೆಟ್ ಕೊಡುವ ಪ್ರೊವೈಡರ್ ಇನ್ನೊಂದು ಅನ್ನುವ ಪದ್ಧತಿ ಬೆಳೆಯಿತು. ಯುಒಎಲ್, ಟೆರ್ರಾ, ಐಜಿ ಥರದ ದೊಡ್ಡ ಪ್ರೊವೈಡರ್‌ಗಳು ಜನರಿಗೆ ಮೇಲ್ ವಿಳಾಸ ಕೊಟ್ಟಿದ್ದವು. ಅವರ ಗ್ರಾಹಕರು ದೇಶದ ಎಲ್ಲ ಫೋನ್ ಕಂಪನಿಗಳ ಲೈನ್‌ಗಳಲ್ಲೂ ಹಂಚಿಹೋಗಿದ್ದರು.

ಈಗ ಒಂದು ಸೋಮವಾರ ಸಾವೊ ಪಾಲೊದ ಒಂದು ಫೋನ್ ಕಂಪನಿ ತನ್ನ ಪಾಡಿಗೆ ತಾನು ಪೋರ್ಟ್ 25 ಮುಚ್ಚಿತು ಅಂದುಕೊಳ್ಳಿ. ಆ ಊರಿನ ಲೆಕ್ಕಪತ್ರ ಬರೆಯುವ ಹೆಂಗಸೊಬ್ಬಳು ಬೆಳಗ್ಗೆ ಔಟ್‌ಲುಕ್ ಎಕ್ಸ್‌ಪ್ರೆಸ್‌ನಲ್ಲಿ 'ಸೆಂಡ್' ಒತ್ತುತ್ತಾಳೆ. ಪತ್ರ ಔಟ್‌ಬಾಕ್ಸ್‌ನಲ್ಲೇ ಕೂರುತ್ತದೆ. ನೀಲಿ ಪಟ್ಟಿ ಓಡುತ್ತಲೇ ಇರುತ್ತದೆ, ಓಡುತ್ತಲೇ ಇರುತ್ತದೆ. ಕೊನೆಗೆ ಸಾಕೆಟ್ ಎರರ್ 10060 ಅಂತ ಒಂದು ಡಬ್ಬಿ. ಅದರ ಅರ್ಥ ಆ ಕಡೆಯಿಂದ ಉತ್ತರವೇ ಬರಲಿಲ್ಲ ಅಂತ. ಅವಳಿಗೆ ಅದೆಲ್ಲ ಗೊತ್ತಾಗಬೇಕು ಯಾಕೆ? ಮೇಲ್ ಕಂಪನಿಗೆ ಫೋನ್ ಮಾಡುತ್ತಾಳೆ. "ನಮ್ಮ ಸರ್ವರ್ ಸರಿಯಾಗೇ ಇದೆಯಲ್ಲ ಮೇಡಂ." ಫೋನ್ ಕಂಪನಿಗೆ ಮಾಡುತ್ತಾಳೆ. "ನಿಮ್ಮ ನೆಟ್ ಚೆನ್ನಾಗೇ ಬರ್ತಿದೆಯಲ್ಲ ಮೇಡಂ." ಇಬ್ಬರೂ ಹೇಳಿದ್ದು ನಿಜವೇ. ಪತ್ರ ಮಾತ್ರ ಹೋಗುತ್ತಿಲ್ಲ.

ಹೀಗಾಗಿ ಫೋನ್ ಕಂಪನಿಗಳು, 'ಮೇಲ್‌ನವರು ಮೊದಲು ಜನರನ್ನು 587ಕ್ಕೆ ಸಾಗಿಸಲಿ, ಆಮೇಲೆ ನಾವು ಮುಚ್ಚುತ್ತೇವೆ' ಅಂದವು. ಮೇಲ್ ಕಂಪನಿಗಳದ್ದು ಇನ್ನೊಂದು ಲೆಕ್ಕ: 'ನೀವು ಮುಚ್ಚುವುದು ಖಾತ್ರಿ ಇಲ್ಲದೆ ನಾವು ಲಕ್ಷಾಂತರ ಜನರಿಗೆ ಸೆಟ್ಟಿಂಗ್ ಬದಲಿಸಿ ಅಂತ ಹೇಳಿ ಕಾಲ್ ಸೆಂಟರ್ ಖರ್ಚು ಯಾಕೆ ಹೊರಬೇಕು?' ಯಾರು ಮೊದಲು ಹೆಜ್ಜೆ ಇಟ್ಟರೂ ಬೈಗುಳ ಅವರಿಗೆ, ಲಾಭ ಎಲ್ಲರಿಗೆ. ಲಾಭದ ಬಹುಪಾಲು ಹೋಗುವುದಂತೂ ಹೊರದೇಶದವರ ಇನ್‌ಬಾಕ್ಸ್‌ಗೆ. ಯಾರಿಗೆ ಅವಸರ?

ವಕೀಲರು ಇನ್ನೊಂದು ಭಯ ತಂದರು. ಬ್ರೆಜಿಲ್‌ನ ಗ್ರಾಹಕ ರಕ್ಷಣಾ ಸಂಹಿತೆ 1990ರದ್ದು, ಬಲವಾದ ಕಾನೂನು. ಒಪ್ಪಂದದಲ್ಲಿ 'ಇಂಟರ್‌ನೆಟ್' ಕೊಡುತ್ತೇವೆ ಅಂತ ಹೇಳಿ ಅದರ ಒಂದು ಪೋರ್ಟನ್ನು ಕೇಳದೆ ಮುಚ್ಚಿದರೆ ಯಾರಾದರೂ ಕೋರ್ಟಿಗೆ ಎಳೆದರೆ? 1997ರ ಟೆಲಿಕಾಂ ಕಾನೂನಿಗೆ ವಿರುದ್ಧ ಅಂತ ಇನ್ನೊಬ್ಬರು ಅಂದರೆ? ನೆಟ್ ನ್ಯೂಟ್ರಾಲಿಟಿ, ಅಂದರೆ ಜಾಲದಲ್ಲಿ ಯಾವ ಸೇವೆಗೂ ತಾರತಮ್ಯ ಮಾಡಬಾರದು ಅನ್ನುವ ತತ್ವದ ಚರ್ಚೆಯೂ ಆಗಲೇ ಬಿಸಿ ಏರುತ್ತಿತ್ತು. ಇವತ್ತು ಸ್ಪ್ಯಾಮ್ ಅಂತ ಒಂದು ಪೋರ್ಟ್ ಮುಚ್ಚಿದವರು, ನಾಳೆ ನಮ್ಮ ವ್ಯಾಪಾರಕ್ಕೆ ಪೋಟಿ ಅಂತ ಇಂಟರ್‌ನೆಟ್ ಫೋನ್ ಕರೆಯನ್ನೂ ಮುಚ್ಚಿದರೆ ಏನು ಗತಿ? ಪ್ರಶ್ನೆ ಸುಳ್ಳಲ್ಲ. ಫೋನ್ ಕಂಪನಿಗಳ ಮೇಲೆ ಆ ಮಟ್ಟಿಗೆ ನಂಬಿಕೆ ಇಡೋಕೆ ಯಾರಿಗೂ ಕಾರಣ ಇರಲಿಲ್ಲ.

ಮೊದಲು 587, ಆಮೇಲೆ 25

2009ರಲ್ಲಿ ಸಿಜಿಐ ಅಧಿಕೃತ ಶಿಫಾರಸು ಹೊರಡಿಸಿತು. ಅದಕ್ಕೆ ಕೊಟ್ಟ ಹೆಸರು 'ಪೋರ್ಟ್ 25ರ ನಿರ್ವಹಣೆ'. ತಡೆ, ನಿಷೇಧ ಅಂತೆಲ್ಲ ಹೆಸರಿಡದೆ ಹೋದದ್ದು ಜಾಣತನವೇ. ಆದರೆ ಒಳಗಿನ ಅಂಶ ಹೆಸರಿಗಿಂತ ಮುಖ್ಯ. ಕೆಲಸದ ಕ್ರಮವನ್ನು ಅದು ಗಟ್ಟಿಯಾಗಿ ಹಿಡಿಯಿತು. ಮೇಲ್ ಕಂಪನಿಗಳು 587 ತೆರೆದು, ಪಾಸ್‌ವರ್ಡ್ ಕೇಳೋಕೆ ಶುರು ಮಾಡಿ, ತಮ್ಮ ಗ್ರಾಹಕರನ್ನು ಅಲ್ಲಿಗೆ ಸಾಗಿಸಬೇಕು. ಅದು ಮುಗಿದ ಮೇಲೆ ಲೈನ್ ಕೊಡುವ ಕಂಪನಿಗಳು 25 ಮುಚ್ಚಬೇಕು. ಅದೂ ಮನೆ ಬಳಕೆಯ, ಬದಲಾಗುತ್ತಿರುವ ಐಪಿ ಇರುವ ಸಂಪರ್ಕಗಳಲ್ಲಿ ಮಾತ್ರ. ಸ್ವಂತ ಮೇಲ್ ಸರ್ವರ್ ನಡೆಸುವ ಕಚೇರಿಗಳ ಸ್ಥಿರ ಐಪಿಗೆ ಕೈ ಹಚ್ಚುವಂತಿಲ್ಲ.

ಶಿಫಾರಸು ಬಂತು ಅಂತ ಕೆಲಸ ಆಗಲಿಲ್ಲ. ಮತ್ತೆ ಎರಡೂವರೆ ವರ್ಷ ಮಾತುಕತೆ. ಟೆಲಿಕಾಂ ನಿಯಂತ್ರಕ ಅನಾಟೆಲ್ ಬಂತು, ಫೋನ್ ಕಂಪನಿಗಳ ಸಂಘ ಸಿಂಡಿಟೆಲೆಬ್ರಾಸಿಲ್ ಬಂತು, ಸಣ್ಣ ಪ್ರೊವೈಡರ್‌ಗಳ ಸಂಘಗಳು ಬಂದವು. ಗ್ರಾಹಕರ ಪರ ಹೋರಾಡುವ ಇಡೆಕ್ ಸಂಸ್ಥೆಯವರನ್ನೂ ಕರೆದು ಕೂರಿಸಿದರು. ಈ ಕೊನೆಯ ಹೆಜ್ಜೆಯನ್ನು ಎಷ್ಟು ಹೊಗಳಿದರೂ ಸಾಲದು. ನಾಳೆ ಕೋರ್ಟಿಗೆ ಹೋಗಬಹುದಾದವರನ್ನು ಇವತ್ತೇ ಮೇಜಿನ ಮುಂದೆ ಕೂರಿಸಿ, 'ಇಲ್ಲಿ ಪತ್ರ ತೆರೆದು ಓದುವ ಪ್ರಶ್ನೆಯೇ ಇಲ್ಲ, ಯಾವ ಕಂಪನಿಯ ಸೇವೆಯನ್ನೂ ಆರಿಸಿ ತಡೆಯುವುದಿಲ್ಲ, ಬದಲಿ ದಾರಿ ಮೊದಲೇ ತೆರೆದಿರುತ್ತದೆ' ಅಂತ ಒಂದೊಂದಾಗಿ ತೋರಿಸುವುದು ಸಣ್ಣ ಕೆಲಸವಲ್ಲ.

2011ರ ನವೆಂಬರ್‌ನಲ್ಲಿ ಸಹಕಾರ ಒಪ್ಪಂದಕ್ಕೆ ಸಹಿ ಬಿತ್ತು. ಈಗ ಕೈಯಲ್ಲಿ ಗಡುವು ಇತ್ತು, ಎಲ್ಲರೂ ಒಟ್ಟಿಗೆ ಹೆಜ್ಜೆ ಇಡುತ್ತಾರೆ ಅನ್ನುವ ಖಾತ್ರಿ ಇತ್ತು, ನಿಯಂತ್ರಕರ ನೆರಳೂ ಇತ್ತು. 2012 ಪೂರ್ತಿ ಸಾಗಣೆಯ ವರ್ಷ.

ಗ್ರಾಹಕ ಮಾಡಬೇಕಿದ್ದ ಕೆಲಸ ನಿಜಕ್ಕೂ ಪುಟ್ಟದು. ಟೂಲ್ಸ್‌ಗೆ ಹೋಗು, ಅಕೌಂಟ್ಸ್ ಒತ್ತು, ನಿನ್ನ ಮೇಲ್ ಖಾತೆಯ ಪ್ರಾಪರ್ಟೀಸ್ ತೆರೆ. ಅಡ್ವಾನ್ಸ್‌ಡ್ ಅನ್ನುವ ಪುಟದಲ್ಲಿ ಔಟ್‌ಗೋಯಿಂಗ್ ಮೇಲ್ ಎದುರು ಇರುವ 25 ಅಳಿಸಿ 587 ಬರೆ. ಸರ್ವರ್ಸ್ ಪುಟಕ್ಕೆ ಹಿಂದೆ ಬಂದು, ಸರ್ವರ್‌ಗೆ ಪಾಸ್‌ವರ್ಡ್ ಬೇಕು ಅನ್ನುವ ಸಾಲಿನ ಮುಂದೆ ಟಿಕ್ ಹಾಕು. ಓಕೆ. ಇಷ್ಟೇ. ಇದನ್ನೇ ಕಂಪ್ಯೂಟರ್ ಅಂದರೆ ಹೆದರುವ ಎಪ್ಪತ್ತು ವರ್ಷದ ಅಜ್ಜನಿಗೆ ಫೋನಿನಲ್ಲಿ ಹೇಳಿಕೊಡಿ ನೋಡೋಣ. ಕಾಲ್ ಸೆಂಟರ್ ನಡೆಸಿದವರಿಗೆ ಮಾತ್ರ ಅದರ ಬೆಲೆ ಗೊತ್ತು.

ಅದೃಷ್ಟವೂ ಜೊತೆಗಿತ್ತು ಅನ್ನಬೇಕು. 2012ರ ಹೊತ್ತಿಗೆ ಬಹಳಷ್ಟು ಜನ ಬ್ರೌಸರ್‌ನಲ್ಲೇ ಮೇಲ್ ನೋಡುತ್ತಿದ್ದರು. ಅವರಿಗೂ ಪೋರ್ಟ್ 25ಕ್ಕೂ ಸಂಬಂಧವೇ ಇಲ್ಲ. ಮುಚ್ಚಿದ್ದು ಅವರಿಗೆ ಗೊತ್ತೇ ಆಗಲಿಲ್ಲ. ಇದೇ ಕೆಲಸವನ್ನು 2005ರಲ್ಲಿ ಮಾಡಿದ್ದರೆ ಗಲಾಟೆ ಜಾಸ್ತಿ ಆಗುತ್ತಿತ್ತು. ತಡ ಮಾಡಿದ್ದರಿಂದ ಕೆಲಸ ಸುಲಭವಾಯಿತು ಅಂತ ಹೇಳೋಕೆ ನನಗೆ ಮುಜುಗರ, ಆದರೂ ಅದು ನಿಜ.

ಇಂಥ ಕೆಲಸದಲ್ಲಿ ಎಲ್ಲರೂ ಮರೆಯುವುದು ಮನುಷ್ಯರಲ್ಲದ ಗ್ರಾಹಕರನ್ನು. ಸ್ಕ್ಯಾನ್ ಮಾಡಿದ್ದನ್ನು ಮೇಲ್ ಮಾಡುವ ಜೆರಾಕ್ಸ್ ಯಂತ್ರ. ರಾತ್ರಿ ಅಲುಗಾಟ ಕಂಡರೆ ಫೋಟೊ ಕಳಿಸುವ ಸಿಸಿಟಿವಿ ಡಬ್ಬಿ. ತಿಂಗಳ ಕೊನೆಗೆ ಬಿಲ್ ಹೊರಡಿಸುವ ಹಳೇ ಸಾಫ್ಟ್‌ವೇರ್. ಇವುಗಳಲ್ಲಿ ಎಷ್ಟೋ ಯಂತ್ರಗಳಿಗೆ 25 ಬಿಟ್ಟು ಬೇರೆ ಸಂಖ್ಯೆ ತುಂಬುವ ಜಾಗವೇ ಇರುವುದಿಲ್ಲ. ಪಾಸ್‌ವರ್ಡ್ ಕೊಡುವ ಜಾಗವಂತೂ ಇನ್ನೂ ಅಪರೂಪ. ಅವು ಗಲಾಟೆ ಮಾಡುವುದಿಲ್ಲ, ಸುಮ್ನೆ ಕಳಿಸುವುದನ್ನು ನಿಲ್ಲಿಸುತ್ತವೆ. ತಿಂಗಳಾದ ಮೇಲೆ ಯಾರಿಗೋ ಹೊಳೆಯುತ್ತದೆ.

ಸ್ಥಾನ ಇಳಿಯಿತು, ರೋಗ?

2013ರ ಆರಂಭದ ಸಿಬಿಎಲ್ ಪಟ್ಟಿಯ ಮಾತು ಮೊದಲೇ ಹೇಳಿದೆ. ಈ ಇಳಿತಕ್ಕೆ ಪೋರ್ಟ್ 25 ಒಂದೇ ಕಾರಣವಾ ಅಂತ ಕೇಳುವುದು ನ್ಯಾಯ. ಆ ವರ್ಷಗಳಲ್ಲಿ ಜಗತ್ತಿನ ಒಟ್ಟು ಸ್ಪ್ಯಾಮೇ ಕಮ್ಮಿಯಾಗಿತ್ತು. 2008ರ ನವೆಂಬರ್‌ನಲ್ಲಿ ಮೆಕೊಲೊ ಎಂಬ ಹೋಸ್ಟಿಂಗ್ ಕಂಪನಿಯ ಸಂಪರ್ಕ ಕಡಿದಾಗ ಸ್ಪ್ಯಾಮ್ ಒಮ್ಮೆಗೇ ಕುಸಿದಿತ್ತು. 2011ರ ಮಾರ್ಚ್‌ನಲ್ಲಿ ರಸ್ಟಾಕ್ ಬಾಟ್‌ನೆಟ್ ಉರುಳಿತು. ಆದರೆ ಅದೆಲ್ಲ ಎಲ್ಲ ದೇಶಗಳಿಗೂ ಆದ ಲಾಭ. ಎಲ್ಲರದ್ದೂ ಒಟ್ಟಿಗೆ ಇಳಿದರೆ ಒಬ್ಬರ ಸ್ಥಾನ ಬದಲಾಗಬಾರದು. ಬ್ರೆಜಿಲ್‌ನ ಸ್ಥಾನ ಬದಲಾಯಿತು. ಅದೇ ಹೊತ್ತಿಗೆ ಮೇಲೆ ಹೋದವರು ಯಾರು ಗೊತ್ತಾ? 2012ರ ಮೊದಲ ಮೂರು ತಿಂಗಳ ಲೆಕ್ಕದಲ್ಲಿ ಸೋಫೋಸ್ ಎಂಬ ಭದ್ರತಾ ಕಂಪನಿ ಭಾರತಕ್ಕೆ ಮೊದಲ ಸ್ಥಾನ ಕೊಟ್ಟಿತು. ಜಗತ್ತಿನ ಸ್ಪ್ಯಾಮ್‌ನಲ್ಲಿ ನೂರಕ್ಕೆ 9.3 ಪಾಲು ನಮ್ಮ ಯಂತ್ರಗಳದ್ದು. ಪಟ್ಟಿ ಬೇರೆ, ಅಳತೆ ಬೇರೆ, ನಿಜ. ದಿಕ್ಕು ಮಾತ್ರ ಸ್ಪಷ್ಟ.

ಆದರೂ ಒಂದು ವಿಷಯದಲ್ಲಿ ನನಗೆ ತಕರಾರಿದೆ. ಪೋರ್ಟ್ ಮುಚ್ಚಿದರೆ ಯಂತ್ರದ ಸೋಂಕು ಹೋಗುವುದಿಲ್ಲ. ಹೊರಗಿನವರಿಗೆ ಕಾಣುವುದು ನಿಲ್ಲುತ್ತದೆ, ಅಷ್ಟೇ. ಅದೇ ಕಂಪ್ಯೂಟರ್ ನಾಳೆ ಇನ್ನೊಬ್ಬರ ಸೈಟ್ ಮೇಲೆ ದಾಳಿಗೆ ಹೋಗಬಹುದು, ಮನೆಯವರ ಬ್ಯಾಂಕ್ ಪಾಸ್‌ವರ್ಡ್ ಕದಿಯಬಹುದು. ಬ್ರೆಜಿಲ್ ಅಂತೂ ಬ್ಯಾಂಕ್ ಖಾತೆಗೆ ಕನ್ನ ಹಾಕುವ ಟ್ರೋಜನ್‌ಗಳಿಗೆ ಹೆಸರಾದ ದೇಶ. ಆ ಕಾಟ 2013ರಲ್ಲಿ ಮುಗಿಯಲಿಲ್ಲ. ಮುಚ್ಚಿದ ಕಂಪನಿಗಳಿಗೆ ಒಂದು ಅವಕಾಶವೂ ಇತ್ತು. ಯಾವ ಮನೆಯ ಲೈನಿನಿಂದ ಪೋರ್ಟ್ 25ಕ್ಕೆ ಗಂಟೆಗೆ ಸಾವಿರ ಸಲ ಪ್ರಯತ್ನ ಆಗುತ್ತಿದೆ ಅಂತ ರೂಟರ್ ಲಾಗ್ ನೋಡಿದರೆ ಸೋಂಕು ಇರುವ ಮನೆ ಅಲ್ಲೇ ಸಿಕ್ಕಿಬಿಡುತ್ತದೆ. ಗ್ರಾಹಕರಿಗೆ ಒಂದು ಫೋನ್ ಮಾಡಬಹುದು. ಆದರೆ ಹಾಗೆ ಫೋನ್ ಮಾಡಿದರೆ ಕಂಪನಿಗೆ ಹುಟ್ಟುವುದು ಖರ್ಚು ಮಾತ್ರ.

ಸ್ಪ್ಯಾಮ್‌ನವರು ಸುಮ್ಮನೆ ಕೂರಲಿಲ್ಲ ಅಂತ ಬೇರೆ ಹೇಳಬೇಕಾ? ಪಾಸ್‌ವರ್ಡ್ ಕದ್ದು 587ರ ಮೂಲಕವೇ ಕಳಿಸೋಕೆ ಶುರು ಮಾಡಿದರು. ಆದರೆ ಅಲ್ಲಿ ಆಟ ಬೇರೆ. ಯಾರ ಖಾತೆಯಿಂದ ಹೋಗುತ್ತಿದೆ ಅಂತ ಮೇಲ್ ಕಂಪನಿಗೆ ಗೊತ್ತಿರುತ್ತದೆ. ಗಂಟೆಗೆ ಇಷ್ಟೇ ಮೇಲ್ ಅಂತ ಮಿತಿ ಹಾಕಬಹುದು, ಖಾತೆ ನಿಲ್ಲಿಸಬಹುದು. ಇನ್ನೊಂದಷ್ಟು ಜನ ಬಾಡಿಗೆ ಸರ್ವರ್‌ಗಳತ್ತ ಹೋದರು. ಅದರ ಬಿಸಿ ಈಗ ಬೆಂಗಳೂರಿನ ಡೆವಲಪರ್‌ಗಳಿಗೂ ತಟ್ಟುತ್ತದೆ. ಗೂಗಲ್ ಕ್ಲೌಡ್‌ನಲ್ಲಿ ಒಂದು ಸರ್ವರ್ ತೆಗೆದುಕೊಂಡು ಮೇಲ್ ಕಳಿಸೋಕೆ ನೋಡಿದರೆ ಪೋರ್ಟ್ 25 ಮುಚ್ಚಿರುತ್ತದೆ. ಅಮೆಜಾನ್‌ನ ಬಾಡಿಗೆ ಸರ್ವರ್ ಸೇವೆ ಇಸಿ2ದಲ್ಲಿ ಅರ್ಜಿ ಹಾಕಿ ತೆಗೆಸಿಕೊಳ್ಳಬೇಕು. ಫೈರ್‌ವಾಲ್ ಸರಿ ಇದೆ, ಡಿಎನ್‌ಎಸ್ ಸರಿ ಇದೆ, ಮೇಲ್ ಮಾತ್ರ ಕ್ಯೂನಲ್ಲೇ ಇದೆ ಅಂತ ತಲೆ ಕೆಡಿಸಿಕೊಳ್ಳುವ ಮುಂಚೆ, ಹೊರಗಿನ ಯಾವುದಾದರೂ ಮೇಲ್ ಸರ್ವರ್‌ನ 25ಕ್ಕೆ ಒಂದು ಟೆಲ್ನೆಟ್ ಹೊಡೆದು ನೋಡಿ. 220 ಅಂತ ಉತ್ತರ ಬರದೆ ಪರದೆ ಖಾಲಿ ನಿಂತರೆ ಕಾರಣ ಬಹುಮಟ್ಟಿಗೆ ಇದೇ.

ಸೋತವರು

ಮನೆಯಲ್ಲೇ ಹಳೇ ಕಂಪ್ಯೂಟರ್ ಒಂದರಲ್ಲಿ ಸ್ವಂತ ಮೇಲ್ ಸರ್ವರ್ ನಡೆಸುವ ಹುಚ್ಚಿನವರು ಎಲ್ಲ ದೇಶದಲ್ಲೂ ಇದ್ದಾರೆ. ಈ ವ್ಯವಸ್ಥೆಯಲ್ಲಿ ಪೆಟ್ಟು ಬಿದ್ದದ್ದು ಅವರಿಗೆ. ಸ್ಥಿರ ಐಪಿ ಇರುವ ದುಬಾರಿ ಪ್ಲಾನ್ ತಗೊಳ್ಳಿ, ಇಲ್ಲ ಬೇರೆಯವರ ಸರ್ವರ್ ಮೂಲಕ ಕಳಿಸಿ. ಇಂಟರ್‌ನೆಟ್‌ನಲ್ಲಿ ಎಲ್ಲರೂ ಸಮಾನರು ಅನ್ನುವ ಹಳೇ ಕನಸಿಗೆ ಇದು ಒಂದು ಏಟೇ. ಅವರ ಸಂಖ್ಯೆ ಕಮ್ಮಿ ಅಂತ ಅವರ ಮಾತು ಹಗುರ ಅಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಮುಚ್ಚುವುದು ರೂಢಿ ಆಗಲಿ, ಕೇಳಿದವರಿಗೆ ದುಡ್ಡಿಲ್ಲದೆ ತೆಗೆದುಕೊಡಲಿ. ಕೇಳುವಷ್ಟು ತಿಳಿದವರ ಯಂತ್ರ ಸಾಮಾನ್ಯವಾಗಿ ಬಾಟ್‌ನೆಟ್‌ನಲ್ಲಿ ಇರುವುದಿಲ್ಲ.

ನ್ಯೂಟ್ರಾಲಿಟಿಯ ಪ್ರಶ್ನೆಗೆ ಬ್ರೆಜಿಲ್ ಆಮೇಲೆ ಬರಹದಲ್ಲೇ ಉತ್ತರ ಕೊಟ್ಟಿತು. 2014ರಲ್ಲಿ ಮಾರ್ಕೊ ಸಿವಿಲ್ ಎಂಬ ಇಂಟರ್‌ನೆಟ್ ಕಾನೂನು ಬಂತು. ಅದು ಎಲ್ಲ ದಟ್ಟಣೆಯನ್ನೂ ಸಮಾನವಾಗಿ ಕಾಣಬೇಕು ಅನ್ನುತ್ತದೆ. 2016ರ ಆದೇಶ 8771 ಅದಕ್ಕೆ ವಿನಾಯಿತಿಗಳನ್ನು ಬಿಡಿಸಿ ಹೇಳಿತು. ಜಾಲದ ಭದ್ರತೆಗಾಗಿ ಸ್ಪ್ಯಾಮ್ ತಡೆಯುವುದು ಅದರಲ್ಲಿ ಹೆಸರು ಹಿಡಿದು ಸೇರಿದೆ. ಕೆಲಸ ಮೊದಲು, ಕಾನೂನು ಆಮೇಲೆ. ಜಪಾನಿನಲ್ಲೂ ಇಂಥದ್ದೇ ಪ್ರಶ್ನೆ ಎದ್ದಿತ್ತು. ಅಲ್ಲಿ ಸಂವಹನದ ಗೌಪ್ಯತೆಯನ್ನು ಕಾನೂನು ಬಿಗಿಯಾಗಿ ಕಾಯುತ್ತದೆ. ಜಾಲವನ್ನು ಉಳಿಸಿಕೊಳ್ಳೋಕೆ ನ್ಯಾಯವಾಗಿ ಬೇಕಾದ ಕ್ರಮ ಅಂತ ಪೋರ್ಟ್ ಮುಚ್ಚುವುದನ್ನು ಒಪ್ಪಿದರು.

ನಮ್ಮಲ್ಲಿ ಟೆಲಿಕಾಂ ನಿಯಂತ್ರಕ ಟ್ರಾಯ್ 2018ರಲ್ಲಿ ತಂದ ನಿಯಮಗಳು ಕರೆ ಮತ್ತು ಎಸ್‌ಎಂಎಸ್ ಕಾಟಕ್ಕೆ. ಇಮೇಲ್ ಅದರೊಳಗೆ ಬರುವುದಿಲ್ಲ. ಐಟಿ ಕಾಯ್ದೆಯ 66ಎ ಕಲಂನ ಒಂದು ಉಪಖಂಡ, ಕಾಟ ಕೊಡೋಕೆ ಅಥವಾ ಯಾರು ಕಳಿಸಿದ್ದು ಅಂತ ಮೋಸ ಮಾಡೋಕೆ ಕಳಿಸುವ ಇಮೇಲ್ ಅಪರಾಧ ಅಂದಿತ್ತು. ಮಾತಿನ ಸ್ವಾತಂತ್ರ್ಯಕ್ಕೆ ಅಡ್ಡಿ ಅಂತ ಸುಪ್ರೀಂ ಕೋರ್ಟ್ 2015ರ ಮಾರ್ಚ್‌ನಲ್ಲಿ ಇಡೀ ಕಲಮನ್ನೇ ತೆಗೆದುಹಾಕಿತು. ಸರಿಯಾದ ತೀರ್ಪೇ. ಆ ಕಲಂ ಸ್ಪ್ಯಾಮ್ ತಡೆದದ್ದಂತೂ ಕಾಣೆ.

ಇಲ್ಲಿ ಊರೂರಲ್ಲಿ ಫೈಬರ್ ಎಳೆದು ನೆಟ್ ಕೊಡುತ್ತಿರುವ ಸಣ್ಣ ಕಂಪನಿಗಳಿಗೆ ಬ್ರೆಜಿಲ್‌ನ ಕ್ರಮ ಹಾಗೇ ಹೊಂದುತ್ತದೆ, ಒಂದೆರಡು ಬದಲಾವಣೆಯೊಂದಿಗೆ. ಐಪಿ ವಿಳಾಸಗಳ ಬರ ಇರುವುದರಿಂದ ಇಂಥ ಕಡೆ ಒಂದೇ ಐಪಿಯ ಹಿಂದೆ ನೂರಾರು ಮನೆ ಇರುತ್ತವೆ. ಒಂದು ಮನೆಯ ಕಂಪ್ಯೂಟರ್ ಕೆಟ್ಟರೆ ಇಡೀ ಬೀದಿ ಕಪ್ಪುಪಟ್ಟಿಗೆ. ಆದ್ದರಿಂದ ಮುಚ್ಚುವ ಅಗತ್ಯ ಅವರಿಗೇ ಜಾಸ್ತಿ. ಮೊದಲು ಕೆಲವು ವಾರ ಮುಚ್ಚದೆ ಲಾಗ್ ಮಾತ್ರ ಮಾಡಿ. ದಿನಕ್ಕೆ ಹತ್ತಿಪ್ಪತ್ತು ಸಲ ಒಂದೇ ಸರ್ವರ್‌ನ 25ಕ್ಕೆ ಹೋಗುವವರು ಹಳೇ ಸೆಟ್ಟಿಂಗ್‌ನವರು, ಅವರಿಗೆ ಫೋನ್ ಮಾಡಿ 587ಕ್ಕೋ ಅದೇ ಕೆಲಸದ ಇನ್ನೊಂದು ಪೋರ್ಟ್ 465ಕ್ಕೋ ಬದಲಿಸಿಕೊಡಿ. ಸಾವಿರಾರು ಬೇರೆ ಬೇರೆ ಸರ್ವರ್‌ಗಳಿಗೆ ಹೋಗುವವರದ್ದು ಸೋಂಕು. ಮುಚ್ಚುವಾಗ ಪ್ಯಾಕೆಟ್ಟನ್ನು ಸದ್ದಿಲ್ಲದೆ ಬಿಸಾಡಬೇಡಿ, 'ಆಗಲ್ಲ' ಅಂತ ಕೂಡಲೇ ಉತ್ತರ ಹೋಗುವ ಹಾಗೆ ಮಾಡಿ. ಗ್ರಾಹಕರು ನಿಮಿಷಗಟ್ಟಲೆ ಕಾಯುವುದು ತಪ್ಪುತ್ತದೆ, ದೂರು ಹುಡುಕುವುದೂ ಸುಲಭ. ಐಪಿ ವಿಳಾಸದ ಹಳೇ ಬಗೆ ಐಪಿವಿ4ಕ್ಕೆ ನಿಯಮ ಬರೆದು ಹೊಸ ಬಗೆ ಐಪಿವಿ6 ಮರೆಯುವವರು ಬಹಳ. ಎರಡಕ್ಕೂ ಬರೆಯಿರಿ.